ಓದಲು ಎದ್ದವರಿಗೆ ಕಾಣುವ ಕೋಟಿ ನಕ್ಷತ್ರ

ಪರೀಕ್ಷೆ ಹತ್ತಿರ ಬಂತೆಂದರೆ ಬೆಳಗಿನ ಐದಕ್ಕೇ ಮಕ್ಕಳನ್ನು ಎಬ್ಬಿಸಿ ಓದಲು ಕೂರಿಸುವುದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲೂ ಉಂಟು. ಪುಸ್ತಕ ತೆರೆಯುವ ಮೊದಲು ಹತ್ತು ನಿಮಿಷ ಅಂಗಳಕ್ಕೆ ಕಳಿಸಿದರೆ ಅಂಕವೇನೂ ಕಡಿಮೆಯಾಗದು. ಫೆಬ್ರವರಿಯ ಮೊದಲ ವಾರ ಆ ಹೊತ್ತಿಗೆ ದಕ್ಷಿಣದಲ್ಲಿ ಒಂದು ಮಸುಕು ಚುಕ್ಕೆ ನಿಂತಿರುತ್ತದೆ. ನೋಟಕ್ಕೆ ಒಂದೇ ನಕ್ಷತ್ರ. ನಿಜದಲ್ಲಿ ಅದು ಸುಮಾರು ಒಂದು ಕೋಟಿ ನಕ್ಷತ್ರಗಳ ಜಾತ್ರೆ. ಹೆಸರು ಒಮೇಗಾ ಸೆಂಟಾರಿ.

ಗುರುತು ಹಿಡಿಯುವುದು ಕಷ್ಟವಲ್ಲ. ಪಂಚಾಂಗದ ಚಿತ್ತಾ ನಕ್ಷತ್ರ ಆಗ ದಕ್ಷಿಣಕ್ಕೆ, ಸಾಕಷ್ಟು ಎತ್ತರದಲ್ಲಿ ಬೆಳಗುತ್ತಿರುತ್ತದೆ. ಕೈ ನೀಳವಾಗಿ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಸುಮಾರು 10 ಡಿಗ್ರಿ. ಚಿತ್ತೆಯಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಯಿರಿ. ಹತ್ತಿ ಎಳೆದಿಟ್ಟಂಥ ಚುಕ್ಕೆ ಸಿಗುತ್ತದೆ. ಬೈನಾಕ್ಯುಲರ್ ಇದ್ದರೆ ಅದು ದುಂಡಗೆ ಅರಳುತ್ತದೆ. ಚಂದ್ರನಿಲ್ಲದ ದಿನವಾಗಬೇಕು. ಅಡಿಕೆ ತೋಟದ ನಡುವೆ ಮರಗಳೇ ಅಡ್ಡ. ಜಗಳೂರಿನ ಬಯಲು ಹೊಲ ವಾಸಿ. ಊರ ನಡುವಿನ ಹೈಮಾಸ್ಟ್ ದೀಪದ ಕೆಳಗಂತೂ ಕಾಣುವ ಆಸೆ ಬೇಡ. ಈ ದೀಪಗಳು ಹಳ್ಳಿಗಳಿಗೂ ಬರುತ್ತಿವೆ, ಈಗಲೇ ನೋಡಿಕೊಳ್ಳುವುದು ಒಳ್ಳೆಯದು.

ಇಂಗ್ಲೆಂಡಿನ ಮಕ್ಕಳಿಗೆ ಈ ಭಾಗ್ಯವಿಲ್ಲ. ಅಲ್ಲಿ ಇದು ದಿಗಂತದ ಮೇಲೆ ಬರುವುದೇ ಇಲ್ಲ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1677ರಲ್ಲಿ ಇದನ್ನು ಗಮನಿಸಿದ್ದು ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೀನಾ ದ್ವೀಪಕ್ಕೆ ಹಡಗಿನಲ್ಲಿ ಹೋದ ಮೇಲೆ. ಅಲ್ಲಿಯವರೆಗೆ ಎಲ್ಲರೂ ಇದನ್ನು ಒಂಟಿ ನಕ್ಷತ್ರವೆಂದೇ ಬಗೆದಿದ್ದರು. 1603ರಲ್ಲಿ ಬೇಯರ್ ತನ್ನ ನಕ್ಷೆಯಲ್ಲಿ ನಕ್ಷತ್ರದಂತೆಯೇ ಗ್ರೀಕ್ ಅಕ್ಷರವನ್ನೂ ಕೊಟ್ಟಿದ್ದ. ನಮ್ಮ ಸೀಮೆ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಗುಚ್ಛ ಇಲ್ಲಿ 28 ಡಿಗ್ರಿಯವರೆಗೆ ಏರುತ್ತದೆ.

ದೂರ ಸುಮಾರು 17,000 ಜ್ಯೋತಿರ್ವರ್ಷ. ಈ ಬೆಳಕು ಹೊರಟಾಗ ಭೂಮಿಯ ಮೇಲೆ ಬೇಸಾಯವೇ ಶುರುವಾಗಿರಲಿಲ್ಲ. ನಮ್ಮ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ 4.2 ಜ್ಯೋತಿರ್ವರ್ಷ ಆಚೆ ಇದೆ. ಗುಚ್ಛದ ನಡುವಿನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಅದರ ನಲವತ್ತನೆಯ ಒಂದು ಪಾಲಿನಷ್ಟೇ ಅಂತರ. ಅಲ್ಲೊಂದು ಗ್ರಹವಿದ್ದರೆ ಅದಕ್ಕೆ ಕತ್ತಲ ರಾತ್ರಿ ಎಂಬುದೇ ಇರದು.

ಇಂಥ ಗುಚ್ಛಗಳ ನಕ್ಷತ್ರಗಳು ಸಾಮಾನ್ಯವಾಗಿ ಒಂದೇ ಕಾಲದವು. ಇಲ್ಲಿ ಹಾಗಲ್ಲ, ಬೇರೆ ಬೇರೆ ತಲೆಮಾರುಗಳು ಬೆರೆತಿವೆ. ನಮ್ಮ ಆಕಾಶಗಂಗೆ ನುಂಗಿದ ಸಣ್ಣ ಗೆಲಾಕ್ಸಿಯೊಂದರ ತಿರುಳೇ ಇದು ಎಂದು ಅನೇಕ ವಿಜ್ಞಾನಿಗಳು ಭಾವಿಸುವುದು ಅದಕ್ಕೇ. 2024ರಲ್ಲಿ ಒಂದು ತಂಡ ಹಬಲ್ ದೂರದರ್ಶಕದ 500ಕ್ಕೂ ಹೆಚ್ಚು ಚಿತ್ರಗಳನ್ನು ಹೋಲಿಸಿ, ನಡುವಿನಲ್ಲಿ ಏಳು ನಕ್ಷತ್ರಗಳು ಮಿತಿಮೀರಿದ ವೇಗದಲ್ಲಿ ಓಡುತ್ತಿರುವುದನ್ನು ಕಂಡಿತು. ಅವನ್ನು ಹಿಡಿದಿಟ್ಟಿರುವುದು ಕನಿಷ್ಠ 8,200 ಸೂರ್ಯರಷ್ಟು ತೂಕದ ಕಪ್ಪುಕುಳಿ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ.

ಕನ್ನಡನಾಡಿಗೂ ಇದರೊಡನೆ ನಂಟಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಜೋಡಣೆಯಾದದ್ದು ಹೊಸಕೋಟೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದರಿಂದ ಒಮೇಗಾ ಸೆಂಟಾರಿಯನ್ನು ನೋಡಿದ ಆ ಸಂಸ್ಥೆಯ ವಿಜ್ಞಾನಿಗಳಿಗೆ, ಅಲ್ಲಿನ ಕೆಲವು ಬಿಸಿ ಮುದಿ ನಕ್ಷತ್ರಗಳು ಲೆಕ್ಕ ಹೇಳುವುದಕ್ಕಿಂತ ಕಡಿಮೆ ಅತಿನೇರಳೆ ಬೆಳಕು ಸೂಸುವುದು ತಿಳಿದುಬಂತು.

ಬೆಳಗಿನ ನಿದ್ದೆ ಬಿಡಲಾರದವರಿಗೆ ರಜೆಯ ಮೇ ತಿಂಗಳಿದೆ. ತಿಂಗಳ ನಡುವಿನಲ್ಲಿ ರಾತ್ರಿ ಹತ್ತೂಕಾಲರ ಸುಮಾರಿಗೆ ಗುಚ್ಛ ಅದೇ ಜಾಗದಲ್ಲಿರುತ್ತದೆ. ಮುಂಗಾರು ಮೋಡ ಕವಿದರೆ ಮತ್ತೆ ಚಳಿಗಾಲದ ನಸುಕಿಗೇ ಕಾಯಬೇಕು.