ಮನೆಗಿಂತ ಮೊದಲು ಗೊಂಬೆ ಅಳೆಯಿರಿ

ದಸರಾ ರಜೆಯಲ್ಲಿ ಮನೆಯವರೆಲ್ಲ ಸೇರಿ ಗೊಂಬೆಮನೆ ಕಟ್ಟೋಣ ಅಂತ ಹೊರಟ ನಾವು ಮೊದಲು ರಟ್ಟು ಕತ್ತರಿಸಿಬಿಟ್ಟೆವು. ಮನೆ ಎದ್ದು ನಿಂತಾಗ ನೋಡಿದರೆ ಪಟ್ಟದ ಗೊಂಬೆಯ ತಲೆ ಬಾಗಿಲಿಗಿಂತ ಮೇಲೆ! "ರಾಜನ್ನ ಹೊರಗೇ ನಿಲ್ಲಿಸ್ತೀರೇನ್ರೋ?" ಅಂದರು ಅಜ್ಜಿ. ಮೊದಲ ಸೆಮ್ ಡ್ರಾಯಿಂಗ್ ಕ್ಲಾಸಿನ ಸ್ಕೇಲ್ ನೆನಪಾಗಿದ್ದು ಆಮೇಲೆ.

ಹವ್ಯಾಸಿಗಳು ಹೆಚ್ಚಾಗಿ ಬಳಸೋದು 1:12, ಅಂದ್ರೆ ಒಂದು ಅಡಿಗೆ ಒಂದು ಇಂಚು. 7 ಅಡಿ ಬಾಗಿಲು 7 ಇಂಚು, 10 ಅಡಿ ಕೋಣೆ 10 ಇಂಚು. ಐದೂವರೆ ಇಂಚಿನ ಗೊಂಬೆ ಅದರಲ್ಲಿ ಸಲೀಸಾಗಿ ಇರುತ್ತೆ. ಗೊಂಬೆಯೇ ಒಂದಡಿ ಇದ್ದರೆ ಅದೇ ಕೋಣೆ ಸುಮಾರು 22 ಇಂಚಾಗುತ್ತೆ, ಊಟದ ಟೇಬಲ್ಲನ್ನೇ ಬಿಟ್ಟುಕೊಡಬೇಕು! ನವದೆಹಲಿ ರೂಪಿಸಿದ ಲಟ್ಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ವಿನ್ಯಾಸ ಮಾಡಿದ, 1924ರಲ್ಲಿ ಮುಗಿದ ಗೊಂಬೆಮನೆಯೂ 1:12ರದ್ದೇ. ಅದರ ನಲ್ಲಿಯಲ್ಲಿ ನೀರೂ ಬರುತ್ತಿತ್ತು.

ನಮಗೆ ಅಷ್ಟೆಲ್ಲ ಬೇಡ, ಶುರುವಿಗೆ ಒಂದೇ ಕೋಣೆ ಸಾಕು. ಮೂರು ಗೋಡೆ ಕಟ್ಟಿ, ಎದುರು ತೆರೆದಿಡಿ. ಕೈ ಒಳಗೆ ಹೋಗಬೇಕಲ್ಲ. ಬಣ್ಣ ಬಳಿಯೋದು, ಎಲ್‌ಇಡಿ ವೈರ್ ಎಳೆಯೋದು ಗೋಡೆ ಅಂಟಿಸೋ ಮುಂಚೆಯೇ ಮುಗಿಯಲಿ. ಫೆವಿಕಾಲ್ ರಾತ್ರಿಯಿಡೀ ಒಣಗಲಿ. ಕಟ್ಟರ್ ದೊಡ್ಡವರ ಕೈಲಿರಲಿ. ಬೆಂಕಿಪೊಟ್ಟಣದ ಮಂಚ ಚಿಕ್ಕವರ ಪಾಲು.

ನಮ್ಮ ರಾಜ ರಾಣಿಗೆ ಈಗ ಹೊಸ ಬಾಗಿಲು ಕತ್ತರಿಸ್ತಿದ್ದೀವಿ. ಪರದೆಗೆ ಅಜ್ಜಿ ಹಳೇ ಸೀರೆಯ ಅಂಚು ತೆಗೆದಿಟ್ಟಿದ್ದಾರೆ.