ಔಷಧ ಹೊಟ್ಟೆಗೇ ಹೋಗಬೇಕು

ಮೇಕೆ ಬಡವರ ಹಸು ಅಂತಾರೆ. ನಮಗೆ ಅದು ಬ್ಯಾಂಕೂ ಹೌದು. ಮಗಳ ಶಾಲೆ ಖರ್ಚು ಬಂತು, ಒಂದು ಮರಿ ಮಾರ್ತೀವಿ. ಮನೆಯಲ್ಲಿ ಯಾರೋ ಮಲಗಿದರು, ಒಂದು ಹೋತ ಮಾರ್ತೀವಿ. ಅಂಥ ಮೇಕೆಗೇ ಕಾಯಿಲೆ ಬಂದರೆ?

ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗ್ತೀವಿ. ಡಾಕ್ಟರು ಇಂಜೆಕ್ಷನ್ ಕೊಡ್ತಾರೆ. ಒಂದು ಬಾಟಲಿ ಔಷಧವನ್ನೂ ಕೊಡ್ತಾರೆ. "ಮನೆಯಲ್ಲಿ ಮೂರು ದಿನ ಕುಡಿಸಿ" ಅಂತಾರೆ. ಕುಡಿಸುವ ಕೆಲಸ ಯಾರದು? ಹೆಂಗಸರದೇ, ನಮ್ಮದೇ.

ಕೆಲವು ಸಲ ಹೀಗೆ ಆಗ್ತದೆ. ಮೇಕೆ ಚೇತರಿಸಿಕೊಳ್ತಾ ಇರ್ತದೆ. ಔಷಧ ಕುಡಿಸಿದ ಕೂಡಲೇ ಕೆಮ್ಮುತ್ತದೆ. ಮೂಗಿನಿಂದ ಔಷಧ ಸೋರುತ್ತದೆ. ಮರುದಿನ ಏದುಸಿರು ಬಿಡುತ್ತದೆ. ಮೇವು ಮುಟ್ಟುವುದಿಲ್ಲ. ಕೊನೆಗೆ ಸತ್ತೇ ಹೋಗ್ತದೆ. "ಔಷಧವೇ ಸರಿ ಇರಲಿಲ್ಲ" ಅಂತ ನಾವು ಬೈತೀವಿ. ಔಷಧ ಸರಿಯಾಗಿಯೇ ಇತ್ತು. ಅದು ಹೋದ ದಾರಿ ತಪ್ಪಿತ್ತು.

ಗಂಟಲಲ್ಲಿ ಎರಡು ದಾರಿ

ಗಂಟಲಲ್ಲಿ ಎರಡು ದಾರಿ ಇವೆ. ಒಂದು ಹೊಟ್ಟೆಗೆ ಹೋಗುವ ದಾರಿ. ಇನ್ನೊಂದು ಉಸಿರಿನ ದಾರಿ. ನುಂಗುವಾಗ ಉಸಿರಿನ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನೀರು ಕುಡಿಯುತ್ತಾ ಮಾತಾಡಿದರೆ ನಮಗೆ ನೆತ್ತಿಗೆ ಹತ್ತುತ್ತದೆ ಅಲ್ಲವೇ? ನೀರು ಉಸಿರಿನ ದಾರಿಗೆ ಹೋದದ್ದೇ ಅದಕ್ಕೆ ಕಾರಣ.

ಮೇಕೆಗೂ ಹಾಗೇ. ಮೂತಿಯನ್ನು ಆಕಾಶಕ್ಕೆ ಎತ್ತಿ ಸುರಿದರೆ ಅದಕ್ಕೆ ಸರಿಯಾಗಿ ನುಂಗಲು ಆಗದು. ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ. ನ್ಯುಮೋನಿಯಾ ಆಗುತ್ತದೆ. ಎಣ್ಣೆ ಕುಡಿಸುವಾಗ ಇನ್ನೂ ಎಚ್ಚರ ಬೇಕು. ಎಣ್ಣೆ ಉಸಿರಿನ ದಾರಿಗೆ ಹೋದರೂ ಒಮ್ಮೊಮ್ಮೆ ಕೆಮ್ಮು ಬರುವುದಿಲ್ಲ. ನಮಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಕುಡಿಸೋದು ಹೇಗೆ?

1. ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು. ಸೂಜಿ ತೆಗೆದ ಸಿರಿಂಜಿನಲ್ಲಿ ಔಷಧ ಅಳೆದುಕೊಳ್ಳಬೇಕು.

2. ಮೇಕೆ ನಿಂತೇ ಇರಬೇಕು. ಗೋಡೆಯ ಮೂಲೆಯಲ್ಲಿ ನಿಲ್ಲಿಸಿಕೊಂಡರೆ ಸುಲಭ. ಒಬ್ಬರು ಹಿಡಿದುಕೊಳ್ಳಲಿ, ಒಬ್ಬರು ಕುಡಿಸಲಿ.

3. ದವಡೆಯ ಕೆಳಗೆ ಒಂದು ಕೈ ಕೊಟ್ಟು ತಲೆ ಹಿಡಿಯಬೇಕು. ಮೂಗು ಕಣ್ಣಿಗಿಂತ ಮೇಲೆ ಹೋಗಬಾರದು. ಇದೇ ಮುಖ್ಯ.

4. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇದೆ. ಬಾಯಿಯ ಪಕ್ಕದಿಂದ, ಆ ಜಾಗದಲ್ಲಿ ಸಿರಿಂಜಿನ ತುದಿ ಇಡಬೇಕು. ತುದಿ ನಾಲಿಗೆಯ ಮೇಲೆ ಬರಲಿ.

5. ಸ್ವಲ್ಪ ಬಿಡಬೇಕು. ನುಂಗಿತಾ ಅಂತ ನೋಡಬೇಕು. ಆಮೇಲೆ ಇನ್ನು ಸ್ವಲ್ಪ.

6. ಕೆಮ್ಮಿದರೆ ತಕ್ಷಣ ನಿಲ್ಲಿಸಬೇಕು. ತಲೆ ಬಿಟ್ಟುಬಿಡಬೇಕು. ಅದು ತಲೆ ತಗ್ಗಿಸಿ ಕೆಮ್ಮಿಕೊಳ್ಳಲಿ.

ನಾಲಿಗೆ ಹೊರಗೆ ಎಳೆಯಬಾರದು. ಮೂಗು ಒತ್ತಿ ಹಿಡಿಯಬಾರದು. ಗಾಜಿನ ಬಾಟಲಿಯನ್ನು ಬಾಯಿಗೆ ಇಡಬಾರದು, ಕಚ್ಚಿದರೆ ಒಡೆಯುತ್ತದೆ. ದನಕ್ಕೆ ಕುಡಿಸುವ ದೊಡ್ಡ ಗೊಟ್ಟವೂ ಮೇಕೆಗೆ ಬೇಡ. ಒಂದೇ ಸಲಕ್ಕೆ ತುಂಬಾ ಸುರಿದುಬಿಡುತ್ತದೆ. ಏಳಲಾರದೆ ಬಿದ್ದುಕೊಂಡ ಮೇಕೆಗೆ, ನುಂಗಲಾರದ ಮೇಕೆಗೆ ಏನನ್ನೂ ಕುಡಿಸಬಾರದು. ಡಾಕ್ಟರನ್ನೇ ಕರೆಸಬೇಕು.

ಅಂಕಿ ಓದೋಣ

ಬಾಟಲಿಯ ಮೇಲೆ ಇಂಗ್ಲಿಷ್ ಇರ್ತದೆ. ಆದರೆ ನಮಗೆ ಅಂಕಿ ಬರ್ತದೆ. ಬಾಟಲಿಯಲ್ಲಿ ಎರಡು ತಾರೀಖು ಹುಡುಕೋಣ. ಮೊದಲ ತಾರೀಖು ಔಷಧ ತಯಾರಾದದ್ದು. ಮುಂದಿನ ತಾರೀಖು ಅದರ ಅವಧಿ ಮುಗಿಯುವುದು. ಅವಧಿ ಮುಗಿದಿದ್ದರೆ ಕುಡಿಸಬಾರದು.

ಎಷ್ಟು ಎಂ.ಎಲ್.? ದಿನಕ್ಕೆ ಎಷ್ಟು ಸಲ? ಎಷ್ಟು ದಿನ? ಈ ಮೂರನ್ನೂ ಡಾಕ್ಟರನ್ನು ಕೇಳಿ ನಾವೇ ಬರೆದುಕೊಳ್ಳೋಣ. ಕುಡಿಸಿದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯೋಣ. ಆಗ ಅತ್ತೆ ಒಮ್ಮೆ, ಸೊಸೆ ಒಮ್ಮೆ ಅಂತ ಎರಡು ಸಲ ಕುಡಿಸುವುದು ತಪ್ಪುತ್ತದೆ.

ಔಷಧದ ಅಳತೆ ಮೇಕೆಯ ತೂಕದ ಮೇಲೆ ಇರ್ತದೆ. ಪಕ್ಕದ ಮನೆ ಹೋತಕ್ಕೆ ಕೊಟ್ಟ ಅಳತೆ ನಮ್ಮ ಮರಿಗೆ ಆಗದು. ಮೇಕೆ ಗಬ್ಬ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಕೆಲವು ಜಂತುಹುಳದ ಔಷಧ ಗಬ್ಬದ ಮೊದಲ ದಿನಗಳಲ್ಲಿ ಹೊಟ್ಟೆಯ ಮರಿಗೆ ಕೇಡು. ಹಾಲು ಕೊಡುವ ಮೇಕೆ ಆದರೆ, ಹಾಲನ್ನು ಎಷ್ಟು ದಿನ ಬಳಸಬಾರದು ಅಂತಲೂ ಕೇಳಬೇಕು.

"ಮೇಕೆ ಮೇಯ್ತಾ ಇದೆಯಲ್ಲ, ಇನ್ನು ಔಷಧ ಯಾಕೆ?" ಅಂತ ನಡುವೆ ನಿಲ್ಲಿಸಬಾರದು. ಹೇಳಿದಷ್ಟು ದಿನ ಕುಡಿಸಲೇಬೇಕು.

ಚೇತರಿಸಿಕೊಳ್ಳುವಾಗ

ಮೇಕೆಗೆ ಒಣಗಿದ, ಬೆಚ್ಚಗಿನ ಜಾಗ ಬೇಕು. ಶುದ್ಧ ನೀರು, ಎಳೆ ಸೊಪ್ಪು ಹತ್ತಿರವೇ ಇರಲಿ. ಪಾಪ, ಸೊರಗಿದೆ ಅಂತ ಅನ್ನ, ಕಾಳು, ಹಿಟ್ಟು ತುಂಬಾ ಹಾಕಬಾರದು. ಹೊಟ್ಟೆ ಕೆಟ್ಟು ಉಬ್ಬರಿಸುತ್ತದೆ. ಮೆಲುಕು ಹಾಕಲು ಶುರು ಮಾಡಿತೇ? ಹಿಕ್ಕೆ ಗುಂಡಗೆ ಬೀಳುತ್ತಿದೆಯೇ? ಹಾಗಿದ್ದರೆ ಗುಣವಾಗ್ತಾ ಇದೆ ಅಂತ ತಿಳಿಯಬೇಕು. ಏದುಸಿರು ಬಂದರೆ ಕಾಯಬಾರದು. ಕರ್ನಾಟಕದಲ್ಲಿ ಪಶು ಚಿಕಿತ್ಸೆಯ ಸಂಚಾರಿ ವಾಹನಕ್ಕಾಗಿ 1962 ನಂಬರಿಗೆ ಫೋನ್ ಮಾಡಬಹುದು.

ಅವಸರಕ್ಕೆ ಬಿದ್ದು ಸುರಿದರೆ ಮೇಕೆ ಹೋಗ್ತದೆ. ನಿಧಾನವಾಗಿ ಕುಡಿಸಿದರೆ ಮೇಕೆ ಉಳೀತದೆ. ಅದರ ಜೊತೆ ಮಗಳ ಶಾಲೆ ಖರ್ಚೂ ಉಳೀತದೆ.

ಮಾತಾಡೋಣ: ನಮ್ಮ ಮನೆಯಲ್ಲಿ ಮೇಕೆಗೆ ಔಷಧ ಹೇಗೆ ಕುಡಿಸ್ತೀವಿ? ಅದರಲ್ಲಿ ಯಾವುದನ್ನು ಬದಲಾಯಿಸಬೇಕು?