ಏರಿದ ಗೇರಿನಲ್ಲೇ ಇಳಿಯಬೇಕು

ನಮ್ಮ ಸ್ಮರಣ ಸಂಚಿಕೆಯಲ್ಲಿ ಪ್ರತಿವರ್ಷವೂ ರಕ್ತದೊತ್ತಡ, ಮಧುಮೇಹ, ಹೃದ್ರೋಗ ಮುಂತಾದವುಗಳ ಕುರಿತು ಅನುಭವಿಗಳಾದ ವೈದ್ಯರು ಬರೆಯುತ್ತಾರೆ. ವಾಣಿಜ್ಯ ಪದವಿ ಪಡೆದು ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನಗೆ ಅವರ ಸಾಲಿನಲ್ಲಿ ನಿಲ್ಲುವ ಅರ್ಹತೆಯಿಲ್ಲ. ಆದರೂ ರಜೆ ಬಂದೊಡನೆ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಮುಂಬಯಿಯಿಂದ ಊರಿಗೆ ಹೊರಡುವ ನಮ್ಮಂಥವರಿಗೆ, ಘಾಟಿಯ ಇಳಿಜಾರಿನಲ್ಲಿ ನಮ್ಮ ಎಡಗಾಲೂ ಎಡಗೈಯೂ ಏನು ಮಾಡುತ್ತಿವೆ ಎಂಬುದು ಆಯುಸ್ಸಿಗೆ ಸಂಬಂಧಿಸಿದ ಪ್ರಶ್ನೆಯೇ ಆಗಿದೆ. ಆ ಪಾಠವನ್ನು ನಾನು ಕಲಿತದ್ದು ಡ್ರೈವಿಂಗ್ ಶಾಲೆಯಲ್ಲಲ್ಲ, ಖಂಡಾಳಾ ಘಾಟಿನಲ್ಲಿ.

2014ರ ಮೇ ತಿಂಗಳು. ಹುಬ್ಬಳ್ಳಿಯಿಂದ ಮುಂಬಯಿಗೆ ಮರಳುತ್ತಿದ್ದೆವು. ಕಾರಿನಲ್ಲಿ ನನ್ನ ತಾಯಿ, ಪತ್ನಿ, ಇಬ್ಬರು ಮಕ್ಕಳು. ಹಿಂಬದಿಯಲ್ಲಿ ಜೋಳದ ಹಿಟ್ಟು, ಉಪ್ಪಿನಕಾಯಿ, ಶೇಂಗಾ ಚಟ್ನಿಗಳ ಭಾರ. ಖಂಡಾಳಾ ದಾಟಿ ಹಳೆಯ ರಸ್ತೆಯಲ್ಲಿ ಖೋಪೋಲಿಯತ್ತ ಇಳಿಯತೊಡಗಿದಾಗ, ಪೆಟ್ರೋಲು ಉಳಿಯಲೆಂದು ಗೇರನ್ನು ನ್ಯೂಟ್ರಲ್ಲಿಗೆ ತಂದೆ. ಕಾರು ತಾನಾಗಿಯೇ ಉರುಳುತ್ತಿತ್ತು. ನನ್ನ ಬಲಗಾಲು ಬ್ರೇಕಿನ ಮೇಲಿತ್ತು. ಕೆಲವು ತಿರುವುಗಳಾದ ಮೇಲೆ ಸುಟ್ಟ ವಾಸನೆ ಬಂದಿತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಮೆತ್ತಗೆ ಒಳಕ್ಕಿಳಿಯಿತೇ ಹೊರತು ವೇಗ ಕುಗ್ಗಲಿಲ್ಲ. ಪೆಡಲನ್ನು ಮತ್ತೆ ಮತ್ತೆ ಒತ್ತುತ್ತ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತ, ರಸ್ತೆ ತುಸು ಅಗಲವಾಗಿದ್ದ ಒಂದೆಡೆ ಹೇಗೋ ಕಾರನ್ನು ನಿಲ್ಲಿಸಿದೆ. ಆಗ ನನ್ನ ಕೈಗಳು ನಡುಗುತ್ತಿದ್ದವು.

ಅಲ್ಲಿಯೇ ವಿಜಾಪುರದ ಲಾರಿಯೊಂದು ನಿಂತಿತ್ತು. ನಮ್ಮ ಮಾತು ಕೇಳಿ ಅದರ ಚಾಲಕ ಹತ್ತಿರ ಬಂದ. ಗಾಲಿಯ ಬಳಿ ಬಗ್ಗಿ ಕೈ ಹಿಡಿದು ನೋಡಿದ. “ನೀರು ಹಾಕಬ್ಯಾಡ್ರಿ ಸಾಹೇಬ್ರ, ತಾನ ಆರಲಿ,” ಎಂದ. ನ್ಯೂಟ್ರಲ್ಲಿನಲ್ಲಿ ಬಂದೆನೆಂದು ನಾನು ಒಪ್ಪಿಕೊಂಡಾಗ ಆತ ನಗಲಿಲ್ಲ. “ಯಾವ ಗೇರಿನಾಗ ಏರತೀರೋ ಅದ ಗೇರಿನಾಗ ಇಳೀಬೇಕ್ರಿ. ಗಾಡಿನ ಎಂಜಿನ್ ಹಿಡೀಬೇಕು, ಬ್ರೇಕ್ ಅಲ್ಲ,” ಎಂದಷ್ಟೇ ಹೇಳಿದ. ಒಂದು ಗಂಟೆ ಕಾದ ಬಳಿಕ ಆತ ತನ್ನ ಲಾರಿಯನ್ನು ನಮ್ಮ ಮುಂದೆ ನಿಧಾನವಾಗಿ ಇಳಿಸಿದ. ನಾನು ಎರಡನೆಯ ಗೇರಿನಲ್ಲಿ ಅವನನ್ನು ಹಿಂಬಾಲಿಸಿದೆ. ಆತನ ಒಂದು ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಕ್ಲಚ್ಚಿನ ಕೆಲಸ

ಎಂಜಿನ್ ನಿಲ್ಲದೆ ತಿರುಗುತ್ತಲೇ ಇರಬೇಕು. ಗಾಲಿಗಳಾದರೋ ಒಮ್ಮೆ ನಿಲ್ಲಬೇಕು, ಒಮ್ಮೆ ಓಡಬೇಕು. ಇವೆರಡರ ನಡುವಣ ಮಧ್ಯಸ್ಥನೇ ಕ್ಲಚ್. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಎದುರಾಗಿ, ಎರಡೂ ಬದಿಗೆ ಘರ್ಷಣೆಯ ಪದರವನ್ನು ಹೊಂದಿರುವ ಕ್ಲಚ್ ಪ್ಲೇಟಿದೆ. ಬಲವಾದ ಸ್ಪ್ರಿಂಗು ಈ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿದಿರುತ್ತದೆ. ನಾವು ಪೆಡಲನ್ನು ಒತ್ತಿದಾಗ ಆ ಹಿಡಿತ ಸಡಿಲಗೊಂಡು ಎಂಜಿನ್ನಿಗೂ ಗಾಲಿಗೂ ಸಂಬಂಧ ತಪ್ಪುತ್ತದೆ. ಬಿಟ್ಟಾಗ ಮತ್ತೆ ಕೂಡುತ್ತದೆ.

ಪೂರ್ತಿ ಒತ್ತಿದಾಗಲೂ ಪೂರ್ತಿ ಬಿಟ್ಟಾಗಲೂ ಪ್ಲೇಟು ಸವೆಯುವುದಿಲ್ಲ. ಸವೆಯುವುದು ಇವೆರಡರ ನಡುವೆ, ಅಂದರೆ ನಾವು ಹಾಫ್ ಕ್ಲಚ್ ಎಂದು ಕರೆಯುವ ಸ್ಥಿತಿಯಲ್ಲಿ. ನಿಂತ ಕಾರನ್ನು ಹೊರಡಿಸಲು ಅದು ಒಂದೆರಡು ಕ್ಷಣ ಅನಿವಾರ್ಯ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದು ಓವರ್‌ಡ್ರಾಫ್ಟ್ ಇದ್ದಂತೆ: ಅಗತ್ಯಕ್ಕೆ ಒದಗುತ್ತದೆ, ಆದರೆ ಅದರಲ್ಲಿಯೇ ಸಂಸಾರ ನಡೆಸಹೊರಟರೆ ಬಡ್ಡಿಯೇ ಅಸಲನ್ನು ನುಂಗುತ್ತದೆ. ಆದ್ದರಿಂದ ಗೇರು ಬದಲಿಸಿದ ಕೂಡಲೇ ಎಡಗಾಲನ್ನು ಪೆಡಲಿನಿಂದ ಸಂಪೂರ್ಣವಾಗಿ ತೆಗೆದು ಪಕ್ಕದಲ್ಲಿ ಇಡಬೇಕು. ಪೆಡಲಿನ ಮೇಲೆ ಸುಮ್ಮನೆ ಒರಗಿದ ಪಾದದ ಭಾರವೂ ಹಿಡಿತವನ್ನು ಸಡಿಲಿಸಬಲ್ಲದು.

ಕೆಳಗಿನ ಗೇರಿಗೆ ಬರುವ ಕ್ರಮ

ಮೇಲಿನ ಗೇರಿಗೆ ಹೋಗುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಕೆಳಗಿನ ಗೇರಿಗೆ ಬರುವಾಗಲೇ ಕಾರು ಮುಗ್ಗರಿಸುತ್ತದೆ. ಇದರ ಕಾರಣ ಸರಳವಾದ ಗಣಿತ. ಸಾಧಾರಣ ಚಿಕ್ಕ ಕಾರೊಂದರಲ್ಲಿ ಮೂರನೆಯ ಗೇರಿನ ಅನುಪಾತ ಸುಮಾರು 1.3, ಎರಡನೆಯದು ಸುಮಾರು 1.9, ಮೊದಲನೆಯದು ಸುಮಾರು 3.5 ಇರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮೂರನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡನೆಯ ಗೇರಿಗೆ ಬಂದಾಗ ಅದು ಸುಮಾರು 2,900 ಸುತ್ತು ತಿರುಗಬೇಕಾಗುತ್ತದೆ. ಮೊದಲನೆಯ ಗೇರಿಗೆ ದುಡುಕಿದರೆ 5,000ವನ್ನೂ ಮೀರುತ್ತದೆ, ಹಾಗೆಂದೂ ಮಾಡಬಾರದು.

ಕ್ಲಚ್ ಒತ್ತಿದೊಡನೆ ಎಂಜಿನ್ನಿನ ವೇಗ ಇಳಿಯುತ್ತದೆ. ಆದರೆ ಕೆಳಗಿನ ಗೇರಿಗೆ ಬೇಕಾದದ್ದು ಹೆಚ್ಚಿನ ವೇಗ. ಈ ಅಂತರವಿರುವಾಗಲೇ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಕಾರು ಜಗ್ಗುತ್ತದೆ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಆ ಜಗ್ಗುವಿಕೆಯಿಂದಲೇ ಗಾಲಿ ಜಾರಬಹುದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಬ್ರೇಕಿನಿಂದ ವೇಗವನ್ನು ತಗ್ಗಿಸಿ. ಬಳಿಕ ಕ್ಲಚ್ಚನ್ನು ಪೂರ್ತಿ ಒತ್ತಿ ಒಂದು ಗೇರು ಕೆಳಗಿಳಿಸಿ. ಬಲಗಾಲಿನಿಂದ ಆಕ್ಸಿಲರೇಟರನ್ನು ಲಘುವಾಗಿ ಒಮ್ಮೆ ಒತ್ತಿ, ಎಂಜಿನ್ನಿನ ದನಿ ಏರುತ್ತಿರುವಂತೆಯೇ ಕ್ಲಚ್ಚನ್ನು ನಯವಾಗಿ ಬಿಡಿ. ಸರಿಯಾಗಿ ಮಾಡಿದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿರುವ ತಾಯಿಯವರ ತಲೆ ಅಲುಗುವುದಿಲ್ಲ. ಇದಕ್ಕಿಂತ ಉತ್ತಮವಾದ ಪರೀಕ್ಷೆ ನನಗೆ ತಿಳಿದಿಲ್ಲ.

ಹಿಂದಿನ ಲಾರಿ ಚಾಲಕರು ಇದಕ್ಕಾಗಿ ಕ್ಲಚ್ಚನ್ನು ಎರಡು ಸಲ ಒತ್ತುತ್ತಿದ್ದರು: ಗೇರನ್ನು ನ್ಯೂಟ್ರಲ್ಲಿಗೆ ತರಲು ಒಮ್ಮೆ, ಎಂಜಿನ್ನಿನ ವೇಗವನ್ನು ಏರಿಸಿ ಗೇರು ಹಾಕಲು ಇನ್ನೊಮ್ಮೆ. ಗೇರುಚಕ್ರಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೋಮೆಶ್ ಎಂಬ ವ್ಯವಸ್ಥೆಯನ್ನು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಅಳವಡಿಸಲಾಯಿತು. ಇಂದಿನ ಕಾರುಗಳಲ್ಲಿ ಅದು ಇರುವುದರಿಂದ ಎರಡು ಸಲ ಒತ್ತಬೇಕಾಗಿಲ್ಲ. ಆದರೆ ಎಂಜಿನ್ನಿನ ವೇಗವನ್ನು ಹೊಂದಿಸುವ ಹೊಣೆ ಇಂದಿಗೂ ನಮ್ಮ ಬಲಗಾಲಿನದೇ.

ಇಳಿಜಾರಿನ ಲೆಕ್ಕ

ಖಂಡಾಳಾದಿಂದ ಖೋಪೋಲಿಗೆ ರಸ್ತೆ ಸುಮಾರು 500 ಮೀಟರಿನಷ್ಟು ಎತ್ತರವನ್ನು ಇಳಿಯುತ್ತದೆ. ಜನರೂ ಸಾಮಾನೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು ಅಷ್ಟು ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 20 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಹುದು. ಒಂದು ದೊಡ್ಡ ಬಕೆಟ್ ಕುದಿನೀರಿನ ಬಿಸಿ! ಅದರಲ್ಲಿ ಗಾಳಿಯ ತಡೆಗೂ ಟೈರುಗಳಿಗೂ ಒಂದು ಪಾಲು ಹೋಗುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿಯುವವನು ಉಳಿದುದೆಲ್ಲವನ್ನೂ ಅಂಗೈಯಗಲದ ಬ್ರೇಕ್ ಪ್ಯಾಡುಗಳ ಮೇಲೆಯೇ ಹೊರಿಸುತ್ತಾನೆ.

ಅತಿಯಾಗಿ ಕಾದ ಪ್ಯಾಡುಗಳ ಹಿಡಿತ ಕುಂದುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೆಡಲಿನ ಒತ್ತಡವನ್ನು ಗಾಲಿಗೆ ತಲುಪಿಸುವ ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಎಣ್ಣೆಗೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ನಾವು ಪೆಡಲನ್ನು ಒತ್ತಿದಾಗ ಗುಳ್ಳೆಗಳು ಕುಗ್ಗುತ್ತವೆ, ಬ್ರೇಕು ಹಿಡಿಯುವುದಿಲ್ಲ. ಅಂದು ನನಗಾದದ್ದು ಇದೇ. ಊರು ಸೇರಿದ ಮೇಲೆ ಮೆಕ್ಯಾನಿಕ್ ಎಣ್ಣೆಯ ಬಣ್ಣವನ್ನು ತೋರಿಸಿ, ಬದಲಿಸಿ ಎಷ್ಟು ವರ್ಷವಾಯಿತೆಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ.

ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದ್ವಾರ ಬಹುಮಟ್ಟಿಗೆ ಮುಚ್ಚಿರುವುದರಿಂದ ಪಿಸ್ಟನ್ನುಗಳು ಹೆಣಗಾಡಿ ಗಾಳಿಯನ್ನು ಎಳೆಯಬೇಕು. ಈ ಹೆಣಗಾಟವೇ ಕಾರನ್ನು ತಡೆಯುತ್ತದೆ. ಹುಟ್ಟಿದ ಬಿಸಿಯನ್ನು ಹೊರಹಾಕಲು ಎಂಜಿನ್ನಿಗೆ ರೇಡಿಯೇಟರ್ ಇದೆ. ಬ್ರೇಕಿಗೆ ಅಂಥ ಸೌಕರ್ಯವಿಲ್ಲ. ಗೇರು ಕೆಳಗಿದ್ದಷ್ಟೂ ತಡೆ ಹೆಚ್ಚು. ಕ್ಲಚ್ ಒತ್ತಿಹಿಡಿದು ಇಳಿದರೆ ಈ ತಡೆ ಇಲ್ಲವಾಗುತ್ತದೆ. ಅದಕ್ಕೂ ನ್ಯೂಟ್ರಲ್ಲಿಗೂ ವ್ಯತ್ಯಾಸವಿಲ್ಲ.

ಇನ್ನು ಪೆಟ್ರೋಲಿನ ಉಳಿತಾಯ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನದ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ ಆರದಂತೆ ಇಂಧನ ಸುರಿಯುತ್ತಲೇ ಇರುತ್ತದೆ. ಅಂದರೆ ನಾನು ಉಳಿಸಹೊರಟದ್ದನ್ನು ಖರ್ಚು ಮಾಡುತ್ತಿದ್ದೆ! ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸುವುದಂತೂ ಆತ್ಮಹತ್ಯೆಗೆ ಸಮಾನ. ಬ್ರೇಕಿಗೆ ಎಂಜಿನ್ ನೀಡುವ ನೆರವು ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಬೀಗವೂ ಬೀಳಬಹುದು.

ಆದ್ದರಿಂದ ಇಳಿಜಾರು ಆರಂಭವಾಗುವ ಮುನ್ನವೇ ತಕ್ಕ ಗೇರನ್ನು ಆರಿಸಿಕೊಳ್ಳಬೇಕು. ವೇಗ ಕೈಮೀರಿದ ಮೇಲೆ ಕೆಳಗಿನ ಗೇರು ಸುಲಭವಾಗಿ ಬೀಳುವುದಿಲ್ಲ. ಗೇರು ತಡೆದರೂ ವೇಗ ಏರಿದರೆ ಬ್ರೇಕನ್ನು ಸ್ವಲ್ಪ ಹೊತ್ತು ದೃಢವಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಬೇಕು; ಆ ಬಿಡುವಿನಲ್ಲಿ ಅದು ಆರುತ್ತದೆ. 14 ಕಡಿದಾದ ತಿರುವುಗಳ ಆಗುಂಬೆ ಘಾಟಿಯನ್ನು ಇಳಿದು ಕರಾವಳಿಗೆ ಹೋಗುವ ನಮ್ಮ ಸದಸ್ಯರಿಗೂ ಇದು ಅನ್ವಯಿಸುತ್ತದೆ. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರು ಕೊಂಡವರೂ ಕೆಳಗಿನ ಗೇರನ್ನು ಹಿಡಿದಿಡುವ ಸ್ಥಾನ ಅದರಲ್ಲಿ ಎಲ್ಲಿದೆಯೆಂದು ಹೊರಡುವ ಮೊದಲೇ ತಿಳಿದುಕೊಳ್ಳಲಿ.

ಏರುವವರಿಗೆ, ನಗರವಾಸಿಗಳಿಗೆ

ಏರುದಾರಿಯಲ್ಲಿ ವಾಹನಗಳ ಸಾಲು ನಿಂತಾಗ ಅನೇಕರು ಹಾಫ್ ಕ್ಲಚ್ಚಿನಲ್ಲಿಯೇ ಕಾರನ್ನು ತೂಗಿಸಿ ನಿಲ್ಲಿಸುತ್ತಾರೆ. ಸುಟ್ಟ ವಾಸನೆಯೇ ಅದರ ಬಡ್ಡಿ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿ. ಹೊರಡುವಾಗ ಮೊದಲ ಗೇರು ಹಾಕಿ, ತುಸು ಆಕ್ಸಿಲರೇಟರ್ ಕೊಟ್ಟು, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಕಾರಿನ ಮೂತಿ ಸ್ವಲ್ಪ ಏಳುವುದು ಅನುಭವಕ್ಕೆ ಬಂದಾಗ ಹ್ಯಾಂಡ್‌ಬ್ರೇಕನ್ನು ಇಳಿಸಿ. ಕಾರು ಒಂದಿಂಚೂ ಹಿಂದೆ ಸರಿಯುವುದಿಲ್ಲ.

ಮುಂಬಯಿಯ ಸಂಜೆಯ ದಟ್ಟಣೆಯಲ್ಲಿ ಎಡ ಮೊಣಕಾಲು ನೋಯುತ್ತದೆಂದು ದೂರುವವರು ನಮ್ಮಲ್ಲಿ ಬಹಳ. ನೋವಿಗೆ ಮದ್ದನ್ನು ವೈದ್ಯರೇ ಹೇಳಬೇಕು. ಆದರೆ ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಿಸಿರುವಂತೆ ಸೀಟನ್ನು ಹೊಂದಿಸಿಕೊಳ್ಳುವುದು, ಸಿಗ್ನಲಿನಲ್ಲಿ ನ್ಯೂಟ್ರಲ್ಲಿಗೆ ತಂದು ಕಾಲಿಗೆ ವಿಶ್ರಾಂತಿ ಕೊಡುವುದು, ಮುಂದಿನ ವಾಹನ ನಾಲ್ಕು ಮಾರು ಸರಿಯುವ ತನಕ ಕಾಯುವುದು ನಮ್ಮ ಕೈಯಲ್ಲಿಯೇ ಇದೆ. ನ್ಯೂಟ್ರಲ್ಲಿಗೆ ಯೋಗ್ಯವಾದ ಸ್ಥಳ ನಿಂತ ಕಾರು, ಇಳಿಯುವ ಕಾರಲ್ಲ.

ಆ ಲಾರಿ ಚಾಲಕನ ಹೆಸರನ್ನು ಅಂದಿನ ಗಾಬರಿಯಲ್ಲಿ ನಾನು ಕೇಳಲಿಲ್ಲ. ಖೋಪೋಲಿಯಲ್ಲಿ ಚಹಾ ಕುಡಿಯೋಣವೆಂದು ಕರೆದರೆ, ಮಾಲು ತಲುಪಿಸುವ ಹೊತ್ತಾಯಿತೆಂದು ಕೈ ಬೀಸಿ ಹೊರಟುಹೋದ. ಇಂದಿಗೂ ಘಾಟಿಯ ನೆತ್ತಿ ಬಂದಾಗ ನನ್ನ ತಾಯಿ ಹಿಂದಿನಿಂದ, “ಗೇರು ಹಾಕಿದೆಯೇನಪ್ಪಾ?” ಎಂದು ಕೇಳುತ್ತಾರೆ. ಹಾಕಿದ್ದೇನೆಂದು ಹೇಳಿದ ಮೇಲೆಯೇ ಅವರು ಕಣ್ಣು ಮುಚ್ಚುತ್ತಾರೆ. ಈ ರಜೆಯಲ್ಲಿ ಊರಿಗೆ ಹೊರಡುವ ಸದಸ್ಯ ಬಾಂಧವರೆಲ್ಲರ ಪ್ರಯಾಣವೂ ಸುಖಕರವಾಗಲಿ.